ಒಂದೇ ಪಾಲಿಪ್, ಎರಡು ವರದಿ: ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಲ್ಲಿ ಪೆಥಾಲಜಿಸ್ಟ್‌ಗಳ ನಡುವೆ ಎಷ್ಟು ಒಮ್ಮತವಿದೆ?

ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ, ಕೇವಲ 43ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಬಲಿಯಾದಾಗ ಬಹಳ ಮಂದಿ ಬೆಚ್ಚಿಬಿದ್ದರು. ಅಲ್ಲಿಯವರೆಗೆ ಅದು ವಯಸ್ಸಾದವರ ಕಾಯಿಲೆ ಎಂಬ ಭಾವನೆಯಿತ್ತು. ಮರುವರ್ಷವೇ ಅಮೆರಿಕದ ತಜ್ಞರ ಕಾರ್ಯಪಡೆ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಇಂಗ್ಲೆಂಡ್ ಕೂಡ 2021ರಿಂದ ಹಂತಹಂತವಾಗಿ 60ರಿಂದ 50ಕ್ಕೆ ಬಂದಿತು. ಯುವಜನರಲ್ಲಿ ಈ ಕ್ಯಾನ್ಸರ್ ಏರುತ್ತಿದೆ ಎಂಬ ಸುದ್ದಿ ಈಗ ಕನ್ನಡ ಪತ್ರಿಕೆಗಳಲ್ಲೂ ಆಗಾಗ ಕಾಣಿಸುತ್ತದೆ.

ಈ ಸುದ್ದಿಗಳ ಬೆನ್ನಿಗೇ ಓದುಗರನ್ನು ಗೊಂದಲಕ್ಕೆ ಕೆಡವುವ ಇನ್ನೊಂದು ಸಂಗತಿಯೂ ಬರುತ್ತದೆ. ಒಂದು ಆಸ್ಪತ್ರೆ ‘ಕ್ಯಾನ್ಸರ್’ ಎಂದು ಬರೆದದ್ದನ್ನು ಇನ್ನೊಂದು ಆಸ್ಪತ್ರೆ ‘ಕ್ಯಾನ್ಸರ್ ಅಲ್ಲ, ಅದರ ಮುಂಚಿನ ಹಂತ’ ಎನ್ನುತ್ತದೆ. ಹತ್ತು ವರ್ಷಗಳ ಹಿಂದೆ ‘ಏನೂ ತೊಂದರೆಯಿಲ್ಲ’ ಎನಿಸಿಕೊಂಡಿದ್ದ ಪಾಲಿಪ್‌ಗೆ ಇಂದು ಬೇರೆಯೇ ಹೆಸರು, ಬೇರೆಯೇ ಎಚ್ಚರಿಕೆ. ಹಾಗಾದರೆ ಮೊದಲ ವೈದ್ಯರು ತಪ್ಪಿದರೇ? ಸೂಕ್ಷ್ಮದರ್ಶಕದಡಿ ಕಾಣುವುದು ಕಾಣುವುದೇ ಅಲ್ಲವೇ?

ತಪಾಸಣೆಯ ವಯಸ್ಸು ಇಳಿದಷ್ಟೂ ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ನಳಿಕೆ ಹಾಯಿಸಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಹೆಚ್ಚುತ್ತದೆ, ಅದರ ಜೊತೆಗೆ ಸಿಗುವ ಪಾಲಿಪ್‌ಗಳೂ ಹೆಚ್ಚುತ್ತವೆ. ಬಲಿತ ಕ್ಯಾನ್ಸರಿಗಿಂತ ಇಂಥ ಸಣ್ಣ, ಅರೆಬೆಳೆದ ಗಡ್ಡೆಗಳಲ್ಲೇ ಅಭಿಪ್ರಾಯಭೇದ ಹೆಚ್ಚು. ಆದ್ದರಿಂದ ಈ ಪ್ರಶ್ನೆ ಮುಂದೆ ಇನ್ನಷ್ಟು ಮನೆಗಳ ಬಾಗಿಲು ತಟ್ಟಲಿದೆ.

ಪಾಲಿಪ್‌ನಿಂದ ಸ್ಲೈಡ್‌ವರೆಗೆ

ದೊಡ್ಡ ಕರುಳಿನ ಅಥವಾ ಗುದನಾಳದ ಒಳಗೋಡೆಯಿಂದ ಚಾಚಿಕೊಂಡ ಮಾಂಸದ ಮೊಳಕೆಯೇ ಪಾಲಿಪ್. ಕೊಲೊನೊಸ್ಕೋಪಿ ಮಾಡುವ ವೈದ್ಯರು ಅದನ್ನು ತಂತಿಯ ಕುಣಿಕೆಯಿಂದ ಕತ್ತರಿಸಿ ಫಾರ್ಮಲಿನ್ ಇರುವ ಡಬ್ಬಿಗೆ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ‘ಬ್ಲಾಕ್’ ಮಾಡುತ್ತಾರೆ. ಆ ಮೇಣದ ಬಿಲ್ಲೆಯಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು-ನಾಲ್ಕು ಭಾಗದಷ್ಟು ತೆಳುವಾದ ಪದರವನ್ನು ಸೀಳಿ, ಗಾಜಿನ ಸ್ಲೈಡ್ ಮೇಲೆ ಹರಡಿ, ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿಯಾಗಿಸುತ್ತದೆ, ಇಯೊಸಿನ್ ಉಳಿದದ್ದನ್ನು ಗುಲಾಬಿಯಾಗಿಸುತ್ತದೆ. ಪೆಥಾಲಜಿಸ್ಟ್, ಅಂದರೆ ಅಂಗಾಂಶವನ್ನು ಪರೀಕ್ಷಿಸಿ ರೋಗ ನಿರ್ಣಯಿಸುವ ವೈದ್ಯರು, ನೋಡುವುದು ಇದನ್ನು.

ಆರೋಗ್ಯವಂತ ಕರುಳಿನ ಲೋಳೆಪೊರೆಯಲ್ಲಿ ಗ್ರಂಥಿಗಳು ಸಾಲಾಗಿ ನಿಲ್ಲಿಸಿದ ಪರೀಕ್ಷಾ ನಳಿಕೆಗಳಂತೆ ಕಾಣುತ್ತವೆ. ಪ್ರತಿ ಕೋಶದ ಕೇಂದ್ರವೂ ಬುಡದಲ್ಲಿ ಶಿಸ್ತಾಗಿ ಕುಳಿತಿರುತ್ತದೆ. ಅಡಿನೋಮಾ ಎಂಬ ಪಾಲಿಪ್‌ನಲ್ಲಿ ಆ ಕೇಂದ್ರಗಳು ಪೆನ್ಸಿಲಿನಂತೆ ಉದ್ದವಾಗಿ, ಗಾಢವಾಗಿ, ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ. ಈ ಕೆಡುಕಿಗೆ ‘ಡಿಸ್‌ಪ್ಲೇಸಿಯಾ’ ಎಂದು ಹೆಸರು. ಕೇಂದ್ರಗಳು ಇನ್ನೂ ಬುಡದ ಕಡೆಗೇ ಇದ್ದರೆ ಲೋ ಗ್ರೇಡ್. ಅವು ದುಂಡಗಾಗಿ, ದಿಕ್ಕು ತಪ್ಪಿ ಮೇಲಕ್ಕೇರಿ, ಗ್ರಂಥಿಯೊಳಗೆ ಗ್ರಂಥಿ ಹುಟ್ಟಿ ಜರಡಿಯ ತೂತುಗಳಂತೆ ಕಾಣತೊಡಗಿದರೆ ಹೈ ಗ್ರೇಡ್. ಆ ಕೋಶಗಳು ಲೋಳೆಪೊರೆಯ ತಳದ ತೆಳು ಸ್ನಾಯು ಪದರವನ್ನು ದಾಟಿ ಕೆಳಗಿಳಿದರೆ ಆಕ್ರಮಣಕಾರಿ ಕ್ಯಾನ್ಸರ್.

ಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಚಿತ್ರಗಳು. ದೇಹದಲ್ಲಿ ಹಾಗಿಲ್ಲ. ಎಪಿಸಿ ಎಂಬ ಜೀನ್ ಕೆಡುವುದರಿಂದ ಆರಂಭವಾಗಿ, ಕೆ-ರಾಸ್, ಟಿಪಿ53 ಮುಂತಾದವು ಒಂದೊಂದಾಗಿ ಹಾಳಾಗುತ್ತ ಅಡಿನೋಮಾ ಸಾಮಾನ್ಯವಾಗಿ ಹಲವು ವರ್ಷಗಳಲ್ಲಿ ಕ್ಯಾನ್ಸರಿನ ಕಡೆಗೆ ಸಾಗುತ್ತದೆ. ಸಾಗುವ ಅಡಿನೋಮಾಗಳೂ ಕೆಲವೇ. ಈ ದಾರಿ ಮೆಟ್ಟಿಲುಗಳಂತಿಲ್ಲ, ಇಳಿಜಾರಿನಂತಿದೆ. ಆ ಇಳಿಜಾರಿನ ಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆದು ‘ಇಲ್ಲಿಂದಾಚೆ ಹೈ ಗ್ರೇಡ್’ ಎನ್ನುವುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಗೆರೆಯಿಂದ ದೂರ ಇರುವ ಪಾಲಿಪ್‌ಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಗೆರೆಯ ಮೇಲೆಯೇ ಕುಳಿತ ಪಾಲಿಪ್‌ಗಳ ಬಗ್ಗೆ ಇಬ್ಬರು ಅನುಭವಿಗಳು ಬೇರೆ ಬೇರೆ ಮಾತನಾಡಿದರೆ ಅದು ಅಜಾಗರೂಕತೆಯೇ ಆಗಬೇಕಿಲ್ಲ.

ಸೀಳುವ ಕೋನವೂ ಆಟವಾಡುತ್ತದೆ. ಬಾಳೆದಿಂಡನ್ನು ನೇರ ಅಡ್ಡಕ್ಕೆ ಕೊಯ್ದರೆ ದುಂಡು ಬಿಲ್ಲೆ, ಓರೆಯಾಗಿ ಕೊಯ್ದರೆ ಉದ್ದನೆಯ ಬಿಲ್ಲೆ ಸಿಗುತ್ತದೆ. ಗ್ರಂಥಿಗಳೂ ಹಾಗೆಯೇ. ಪಾಲಿಪ್ ಮೇಣದಲ್ಲಿ ಓರೆಯಾಗಿ ಕುಳಿತುಬಿಟ್ಟರೆ ಒಂದೇ ಸಾಲಿನ ಕೋಶಗಳು ನಾಲ್ಕು ಸಾಲಿನಂತೆ ಕಂಡು, ಕೆಡುಕು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ.

ಒಪ್ಪಿಗೆಯನ್ನು ಅಳೆಯುವ ಲೆಕ್ಕ

‘ತೊಂಬತ್ತು ಪ್ರತಿಶತ ಒಮ್ಮತ’ ಎಂಬ ಮಾತು ಕೇಳಿದ ಕೂಡಲೇ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಸಮಾಧಾನ ಎಷ್ಟು ಗಟ್ಟಿ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ.

ನೂರು ಅಡಿನೋಮಾಗಳನ್ನು ಇಬ್ಬರು ಪೆಥಾಲಜಿಸ್ಟ್‌ಗಳು ಪರಸ್ಪರ ಮಾತನಾಡದೆ ನೋಡುತ್ತಾರೆ. ಇಬ್ಬರೂ ತಲಾ ಹತ್ತಕ್ಕೆ ಹೈ ಗ್ರೇಡ್, ತೊಂಬತ್ತಕ್ಕೆ ಲೋ ಗ್ರೇಡ್ ಎಂದು ಬರೆಯುತ್ತಾರೆ. ಸ್ಲೈಡ್ ನೋಡದೆ ಚೀಟಿ ಎತ್ತಿ ಬರೆದಿದ್ದರೂ ಸುಮಾರು 81 ಪಾಲಿಪ್‌ಗಳಿಗೆ ಇಬ್ಬರೂ ಲೋ ಗ್ರೇಡ್ ಎಂದೂ ಒಂದಕ್ಕೆ ಹೈ ಗ್ರೇಡ್ ಎಂದೂ ಬರೆದಿರುತ್ತಿದ್ದರು. ಅಂದರೆ 82 ಹೊಂದಿಕೆಗಳು ಬರಿಯ ಆಕಸ್ಮಿಕ. ನಿಜವಾಗಿ ನೋಡಿ ಬರೆದಾಗ 90ರಲ್ಲಿ ಹೊಂದಿಕೆ ಬಂದಿದೆ ಎನ್ನಿ. ಆಕಸ್ಮಿಕದ ಮೇಲೆ ಗಳಿಸಲು ಇದ್ದದ್ದು 18 ಅಂಕ, ಅವರು ಗಳಿಸಿದ್ದು 8. ಎಂಟನ್ನು ಹದಿನೆಂಟರಿಂದ ಭಾಗಿಸಿದರೆ ಸುಮಾರು 0.44. ಈ ಸಂಖ್ಯೆಗೆ ‘ಕಪ್ಪಾ’ ಎಂದು ಹೆಸರು. ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ರೂಪಿಸಿದ ಅಳತೆ ಇದು. ಒಂದು ಬಂದರೆ ಪೂರ್ಣ ಒಮ್ಮತ, ಸೊನ್ನೆ ಬಂದರೆ ಚೀಟಿ ಎತ್ತಿದ್ದಕ್ಕೆ ಸಮ. 0.44 ಎಂದರೆ ಮಧ್ಯಮ ಮಟ್ಟ, ಅಷ್ಟೇ.

ಕರುಳಿನ ವಿಷಯದಲ್ಲಿ ದಶಕಗಳಿಂದ ನಡೆದ ಅಧ್ಯಯನಗಳು ಹೆಚ್ಚುಕಡಿಮೆ ಒಂದೇ ಚಿತ್ರ ಕೊಡುತ್ತವೆ. ‘ಇದು ಅಡಿನೋಮಾ ಹೌದೇ ಅಲ್ಲವೇ’ ಎಂಬ ಪ್ರಶ್ನೆಗೆ ಒಮ್ಮತ ಚೆನ್ನಾಗಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನ ಭಾಗದಲ್ಲಿರುವ ಬಲಿತ ಕ್ಯಾನ್ಸರನ್ನು ಗುರುತಿಸುವುದರಲ್ಲೂ ಒಮ್ಮತ ಚೆನ್ನಾಗಿದೆ. ಒಳಗಿನ ಉಪವಿಭಾಗಗಳಿಗೆ ಬಂದಾಗ ಅದು ಕುಸಿಯುತ್ತದೆ: ಗ್ರೇಡ್ ಯಾವುದು, ಬೆರಳಿನಾಕಾರದ ರಚನೆ ಎಷ್ಟಿದೆ, ಗರಗಸದಂಥ ಪಾಲಿಪ್‌ಗಳಲ್ಲಿ ಯಾವ ಬಗೆ, ಪಾಲಿಪ್‌ನ ತೊಟ್ಟಿನೊಳಗೆ ಕಂಡದ್ದು ಆಕ್ರಮಣವೋ ಅಲ್ಲವೋ. ಈ ವ್ಯತ್ಯಾಸ ಗೊತ್ತಿಲ್ಲದೆ ‘ಪೆಥಾಲಜಿಸ್ಟ್‌ಗಳಲ್ಲೇ ಒಮ್ಮತವಿಲ್ಲ’ ಎಂಬ ಶೀರ್ಷಿಕೆ ಓದಿದವರು ಇಡೀ ಪರೀಕ್ಷೆಯನ್ನೇ ನಂಬದಿರುವ ಅಪಾಯವಿದೆ. ಆ ಅಪನಂಬಿಕೆಗೆ ಆಧಾರವಿಲ್ಲ.

ಜಪಾನಿನಲ್ಲಿ ಕ್ಯಾನ್ಸರ್, ಯುರೋಪಿನಲ್ಲಿ ಅಲ್ಲ

ಒಪ್ಪಂದದ ಗೆರೆ ದೇಶದಿಂದ ದೇಶಕ್ಕೆ ಹೇಗೆ ಸರಿಯುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ 1990ರ ದಶಕದ್ದು. ಜಪಾನಿನ ಪೆಥಾಲಜಿಸ್ಟ್‌ಗಳು ಕೋಶಗಳ ರೂಪ ಮತ್ತು ಗ್ರಂಥಿಗಳ ವಿನ್ಯಾಸ ಸಾಕಷ್ಟು ಕೆಟ್ಟಿದ್ದರೆ, ಅವು ಲೋಳೆಪೊರೆಯೊಳಗೇ ಇದ್ದರೂ ಕ್ಯಾನ್ಸರ್ ಎನ್ನುತ್ತಿದ್ದರು. ಯುರೋಪ್ ಮತ್ತು ಅಮೆರಿಕದವರಿಗೆ ಆಕ್ರಮಣ ಕಾಣಲೇಬೇಕಿತ್ತು. ಇಲ್ಲವಾದರೆ ಅವರ ಪಾಲಿಗೆ ಅದು ಹೈ ಗ್ರೇಡ್ ಡಿಸ್‌ಪ್ಲೇಸಿಯಾ.

ಇದನ್ನು ಬಗೆಹರಿಸಲು 12 ದೇಶಗಳ 31 ಪೆಥಾಲಜಿಸ್ಟ್‌ಗಳು ಒಂದೇ ಸ್ಲೈಡ್‌ಗಳನ್ನು ನೋಡಿ, ನಂತರ ವಿಯೆನ್ನಾದಲ್ಲಿ ಕಲೆತರು. ನೋಡಿದ್ದು 35 ಜಠರದ, 20 ದೊಡ್ಡ ಕರುಳಿನ, 21 ಅನ್ನನಾಳದ ಮಾದರಿಗಳನ್ನು. ದೊಡ್ಡ ಕರುಳಿನ ಮಾದರಿಗಳಲ್ಲಿ ಪಾಶ್ಚಾತ್ಯ ಮತ್ತು ಜಪಾನಿ ನಿರ್ಣಯಗಳು ಹೊಂದಿಕೊಂಡದ್ದು 45 ಪ್ರತಿಶತ ಮಾತ್ರ, ಕಪ್ಪಾ 0.27. ಜಠರದಲ್ಲಿ ಅದು ಇನ್ನೂ ಕೆಳಗೆ, 37 ಪ್ರತಿಶತ. ಆಮೇಲೆ ಅವರು ಮಾಡಿದ ಕೆಲಸ ಸರಳವಾದದ್ದು, ಆದರೆ ಬಹಳ ದೂರ ಹೋದದ್ದು. ಅದೇ ನಿರ್ಣಯಗಳನ್ನು, ಸ್ಲೈಡ್ ಮತ್ತೆ ನೋಡದೆ, ಐದು ಗುಂಪುಗಳಾಗಿ ಮರುಜೋಡಿಸಿದರು. ‘ಹೈ ಗ್ರೇಡ್ ಡಿಸ್‌ಪ್ಲೇಸಿಯಾ’ ಮತ್ತು ‘ಇದ್ದಲ್ಲೇ ಇರುವ ಕ್ಯಾನ್ಸರ್’ ಎಂಬ ಎರಡು ಹೆಸರುಗಳು ಒಂದೇ ಗುಂಪಿಗೆ ಬಂದವು. ದೊಡ್ಡ ಕರುಳಿನಲ್ಲಿ ಹೊಂದಿಕೆ 65 ಪ್ರತಿಶತಕ್ಕೆ, ಕಪ್ಪಾ 0.47ಕ್ಕೆ ಏರಿತು. 2000ದಲ್ಲಿ ಪ್ರಕಟವಾದ ಇದಕ್ಕೆ ವಿಯೆನ್ನಾ ವರ್ಗೀಕರಣ ಎಂದು ಹೆಸರಾಯಿತು. 2002ರ ಪರಿಷ್ಕರಣೆಯಲ್ಲಿ ಲೋಳೆಪೊರೆಯೊಳಗಿನ ಕ್ಯಾನ್ಸರನ್ನೂ ಅದೇ ನಾಲ್ಕನೇ ಗುಂಪಿಗೆ ಸೇರಿಸಿದರು, ಏಕೆಂದರೆ ಅವೆಲ್ಲಕ್ಕೂ ಚಿಕಿತ್ಸೆ ಒಂದೇ: ಪಾಲಿಪನ್ನು ಪೂರ್ತಿ ತೆಗೆಯುವುದು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಕರುಳಿನ ಮಾದರಿಗಳು ಇಪ್ಪತ್ತೇ. ಅಲ್ಲಿ ಹೋಲಿಸಿದ್ದು ವ್ಯಕ್ತಿಗಳ ಕಣ್ಣನ್ನಲ್ಲ, ಎರಡು ಪರಂಪರೆಗಳ ನಿಯಮಗಳನ್ನು. ದಿನನಿತ್ಯದ ಪ್ರಯೋಗಾಲಯದಲ್ಲಿ ಅರ್ಧಕ್ಕರ್ಧ ವರದಿ ತಪ್ಪು ಎಂದು ಇದರಿಂದ ತೀರ್ಮಾನಿಸಲು ಬರುವುದಿಲ್ಲ.

ಎರಡೂ ಪಕ್ಷಕ್ಕೆ ತಕ್ಕ ಕಾರಣಗಳಿವೆ. ದೊಡ್ಡ ಕರುಳಿನ ಲೋಳೆಪೊರೆಯಲ್ಲಿ ದುಗ್ಧನಾಳಗಳು ತೀರಾ ವಿರಳ. ಆದ್ದರಿಂದ ಅಲ್ಲಿಯೇ ಉಳಿದ ಕೋಶಗಳು ದೇಹದ ಬೇರೆಡೆಗೆ ಹರಡುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹರಡದಿರುವುದಕ್ಕೆ ಕ್ಯಾನ್ಸರ್ ಎಂಬ ಭಯಂಕರ ಪದ ಏಕೆ, ರೋಗಿ ಹೆದರಿ ಬೇಡದ ಶಸ್ತ್ರಚಿಕಿತ್ಸೆಗೆ ಒಪ್ಪಬಹುದಲ್ಲ ಎಂಬುದು ಯುರೋಪಿನವರ ವಾದ. ಜಪಾನಿನವರ ಉತ್ತರವೂ ತೂಕದ್ದೇ. ಬಯಾಪ್ಸಿಯಲ್ಲಿ ಸಿಗುವುದು ಗಡ್ಡೆಯ ಮೇಲ್ಭಾಗದ ಚೂರು. ಅಲ್ಲಿ ಹೈ ಗ್ರೇಡ್ ಎಂದು ಬರೆದ ಎಷ್ಟೋ ಗಡ್ಡೆಗಳನ್ನು ಪೂರ್ತಿ ತೆಗೆದಾಗ ಆಳದಲ್ಲಿ ಆಕ್ರಮಣ ಕಂಡುಬರುತ್ತದೆ. ಕೋಶದ ಮುಖ ನೋಡಿಯೇ ಕ್ಯಾನ್ಸರ್ ಎಂದಿದ್ದರೆ ರೋಗಿಗೆ ಕಾಲ ಉಳಿಯುತ್ತಿತ್ತು.

ಇದರ ಪರಿಣಾಮ ಅಂಕಿಅಂಶಗಳಿಗೂ ತಟ್ಟುತ್ತದೆ. ಹರಡದ ಗಡ್ಡೆಗಳನ್ನು ಕ್ಯಾನ್ಸರ್ ಪಟ್ಟಿಗೆ ಸೇರಿಸಿದರೆ ರೋಗಿಗಳ ಸಂಖ್ಯೆ ಹೆಚ್ಚುತ್ತದೆ, ಅವರಲ್ಲಿ ಬದುಕಿ ಉಳಿದವರ ಪ್ರಮಾಣವೂ ಹೆಚ್ಚುತ್ತದೆ. ಚಿಕಿತ್ಸೆ ಎಳ್ಳಷ್ಟೂ ಬದಲಾಗಿರುವುದಿಲ್ಲ. ಎರಡು ದೇಶಗಳ ‘ಬದುಕುಳಿಯುವ ಪ್ರಮಾಣ’ವನ್ನು ಪಕ್ಕಪಕ್ಕ ಇಟ್ಟು ಬರೆಯುವ ಸುದ್ದಿಗಳನ್ನು ಓದುವಾಗ ಇದು ನೆನಪಿರಲಿ. ಯುವಜನರಲ್ಲಿ ಕ್ಯಾನ್ಸರ್ ಏರಿಕೆಯ ಅಮೆರಿಕದ ಲೆಕ್ಕದಲ್ಲೂ ಕಾರ್ಸಿನಾಯ್ಡ್ ಎಂಬ ಬೇರೆ ಜಾತಿಯ ಗಡ್ಡೆಗಳು ಸೇರಿಕೊಂಡದ್ದುಂಟು. ಅವನ್ನು ಬೇರ್ಪಡಿಸಿದ ಮೇಲೂ ಏರಿಕೆ ಉಳಿಯುತ್ತದೆ, ಆದರೆ ಅದರ ಗಾತ್ರ ಬದಲಾಗುತ್ತದೆ.

ಗರಗಸದ ಹಲ್ಲಿನ ಪಾಲಿಪ್‌ಗಳು

ಹೆಸರು ಬದಲಾದದ್ದರಿಂದ ಹೆಚ್ಚು ಗೊಂದಲ ಎದ್ದಿರುವುದು ಇಲ್ಲಿ. ಗ್ರಂಥಿಯ ಒಳ ಅಂಚು ಗರಗಸದ ಹಲ್ಲಿನಂತೆ ಕಾಣುವ ಪಾಲಿಪ್‌ಗಳನ್ನು ಬಹುಕಾಲ ‘ಹೈಪರ್‌ಪ್ಲಾಸ್ಟಿಕ್’ ಎಂದು ಕರೆದು, ನಿರಪಾಯಕಾರಿ ಎಂದು ಬದಿಗಿಡಲಾಗುತ್ತಿತ್ತು. 1990ರ ದಶಕದಿಂದ ಸಂಶೋಧಕರಿಗೆ ಅನುಮಾನ ಶುರುವಾಯಿತು. ಕರುಳಿನ ಬಲಭಾಗದಲ್ಲಿ, ಚಪ್ಪಟೆಯಾಗಿ, ಮೇಲೆ ಲೋಳೆಯ ಹೊದಿಕೆ ಹೊದ್ದ ಕೆಲವು ಪಾಲಿಪ್‌ಗಳು ಅಡಿನೋಮಾದ ದಾರಿ ಬಿಟ್ಟು ಬಿ-ರಾಫ್ ಎಂಬ ಜೀನಿನ ದೋಷದ ದಾರಿಯಲ್ಲಿ ಕ್ಯಾನ್ಸರ್ ಆಗುತ್ತಿದ್ದವು. ಕೊಲೊನೊಸ್ಕೋಪಿ ಆಗಿ ಒಂದೆರಡು ವರ್ಷಕ್ಕೇ ಕ್ಯಾನ್ಸರ್ ಕಾಣಿಸಿಕೊಂಡ ಪ್ರಕರಣಗಳಲ್ಲಿ ಒಂದು ಭಾಗಕ್ಕೆ ಕಣ್ತಪ್ಪಿದ ಇಂಥ ಪಾಲಿಪ್‌ಗಳೇ ಕಾರಣ ಎಂದು ಭಾವಿಸಲಾಗಿದೆ.

ಇವುಗಳ ಗುರುತು ಗ್ರಂಥಿಯ ತಳದಲ್ಲಿದೆ. ಸಾಧಾರಣ ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ನಲ್ಲಿ ಗ್ರಂಥಿ ಕೆಳಗೆ ಹೋದಂತೆ ಕಿರಿದಾಗುತ್ತದೆ. ಈ ಅಪಾಯದ ಬಗೆಯಲ್ಲಿ ತಳವೇ ಅಗಲವಾಗಿ, ಬೂಟಿನ ಪಾದದಂತೆ ಪಕ್ಕಕ್ಕೆ ತಿರುಗಿ ಮಲಗುತ್ತದೆ. ಸ್ಲೈಡ್ ಓರೆಯಾಗಿದ್ದರೆ ತಳವೇ ಸಿಗುವುದಿಲ್ಲ. ಸಿಕ್ಕರೂ ಎಷ್ಟು ಗ್ರಂಥಿಗಳು ಹೀಗೆ ತಿರುಗಿದ್ದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆಯ 2010ರ ಕೈಪಿಡಿ ಒಂದಕ್ಕಿಂತ ಹೆಚ್ಚು ಗ್ರಂಥಿಗಳನ್ನು ಕೇಳುತ್ತಿತ್ತು. 2019ರ ಆವೃತ್ತಿ ನಿಸ್ಸಂದೇಹವಾದ ಒಂದೇ ಗ್ರಂಥಿ ಸಾಕೆಂದಿತು, ಹೆಸರನ್ನೂ ‘ಸೆಸೈಲ್ ಸೆರೇಟೆಡ್ ಲೀಷನ್’ ಎಂದು ಬದಲಿಸಿತು. ಪರಿಣಾಮ ಊಹಿಸಬಹುದು. 2009ರಲ್ಲಿ ಹೈಪರ್‌ಪ್ಲಾಸ್ಟಿಕ್ ಎನಿಸಿಕೊಂಡ ಒಂದು ಸ್ಲೈಡನ್ನು ಇಂದು ಮತ್ತೆ ನೋಡಿದರೆ ಹೊಸ ಹೆಸರು ಬರಬಹುದು. ಅಂದಿನವರು ಅಂದಿನ ನಿಯಮಕ್ಕೆ ಸರಿಯಾಗಿಯೇ ಬರೆದಿದ್ದರು. ಗೆರೆ ಕೆಳಕ್ಕೆ ಸರಿದರೆ ತಪ್ಪಿಹೋಗುವ ಪಾಲಿಪ್‌ಗಳು ಕಡಿಮೆಯಾಗುತ್ತವೆ ಎಂಬುದು ಒಂದು ವಾದ. ಎಂದಿಗೂ ಕೇಡು ಮಾಡದ ಸಾವಿರಾರು ಪಾಲಿಪ್‌ಗಳಿಗೆ ಎಚ್ಚರಿಕೆಯ ಚೀಟಿ ಅಂಟಿ, ಜನ ಪದೇ ಪದೇ ಕೊಲೊನೊಸ್ಕೋಪಿಗೆ ಅಲೆಯಬೇಕಾಗುತ್ತದೆ ಎಂಬುದು ಇನ್ನೊಂದು. ಸದ್ಯಕ್ಕೆ ಮೊದಲನೆಯದೇ ಗೆದ್ದಿದೆ. ಮಾರ್ಗಸೂಚಿಗಳು 10 ಮಿಲಿಮೀಟರ್ ಗಾತ್ರವನ್ನೂ ಡಿಸ್‌ಪ್ಲೇಸಿಯಾವನ್ನೂ ಮುಖ್ಯವಾಗಿ ಹಿಡಿದಿರುವುದು ಎರಡನೆಯ ಆತಂಕಕ್ಕೆ ಒಂದಿಷ್ಟು ಪರಿಹಾರ.

ನಂಬಲಾಗದ ಅಳತೆಯನ್ನು ನಿಯಮದಿಂದಲೇ ತೆಗೆದದ್ದು

ಅಡಿನೋಮಾದಲ್ಲಿ ಬೆರಳಿನಂತೆ ಚಾಚಿದ ರಚನೆ ಹೆಚ್ಚಿದ್ದರೆ ಅಪಾಯ ಹೆಚ್ಚು ಎಂದು ಹಿಂದಿನಿಂದ ನಂಬಲಾಗಿತ್ತು. ಇದಕ್ಕೆ ‘ವಿಲಸ್’ ಎನ್ನುತ್ತಾರೆ. ಇಪ್ಪತ್ತು ಪ್ರತಿಶತ ದಾಟಿದರೆ ಒಂದು ಹೆಸರು, ಎಂಬತ್ತು ದಾಟಿದರೆ ಇನ್ನೊಂದು ಎಂದು ಯುರೋಪಿನ 2010ರ ಮಾರ್ಗಸೂಚಿ ಹೇಳಿತ್ತು. ಬೇರೆಡೆ ಇಪ್ಪತ್ತೈದು, ಎಪ್ಪತ್ತೈದು ಎಂಬ ಗೆರೆಗಳಿದ್ದವು. ಕಣ್ಣಂದಾಜಿನಲ್ಲಿ ಹದಿನೆಂಟನ್ನೂ ಇಪ್ಪತ್ತೆರಡನ್ನೂ ಬೇರ್ಪಡಿಸುವುದು ಯಾರಿಂದ ಸಾಧ್ಯ? ಆದರೂ ಅದರ ಮೇಲೆಯೇ ಮುಂದಿನ ಕೊಲೊನೊಸ್ಕೋಪಿ ಮೂರು ವರ್ಷಕ್ಕೋ ಇನ್ನೂ ತಡವಾಗಿಯೋ ಎಂಬುದು ನಿರ್ಧಾರವಾಗುತ್ತಿತ್ತು.

2020ರಲ್ಲಿ ಬ್ರಿಟನ್ ಮತ್ತು ಯುರೋಪಿನ ಹೊಸ ಮಾರ್ಗಸೂಚಿಗಳು ಈ ಅಳತೆಯನ್ನು ಕೈಬಿಟ್ಟವು. ಈಗ ಅಲ್ಲಿ ಲೆಕ್ಕಕ್ಕೆ ಬರುವುದು ಪಾಲಿಪ್‌ನ ಗಾತ್ರ, ಸಂಖ್ಯೆ ಮತ್ತು ಹೈ ಗ್ರೇಡ್ ಡಿಸ್‌ಪ್ಲೇಸಿಯಾ. ಅದೇ ವರ್ಷ ಬಂದ ಅಮೆರಿಕದ ಮಾರ್ಗಸೂಚಿ ವಿಲಸ್ ರಚನೆಯನ್ನು ಉಳಿಸಿಕೊಂಡಿತು. ಹೀಗಾಗಿ 8 ಮಿಲಿಮೀಟರಿನ ಒಂದೇ ಒಂದು ವಿಲಸ್ ಅಡಿನೋಮಾ ಇದ್ದವರಿಗೆ ಅಮೆರಿಕದಲ್ಲಿ ‘ಮೂರು ವರ್ಷಕ್ಕೆ ಬನ್ನಿ’ ಎನ್ನುತ್ತಾರೆ. ಹೈ ಗ್ರೇಡ್ ಇಲ್ಲದಿದ್ದರೆ ಬ್ರಿಟನ್ನಿನಲ್ಲಿ ಅವರನ್ನು ವಿಶೇಷ ನಿಗಾದಲ್ಲಿ ಇಡುವುದೇ ಇಲ್ಲ, ಸಾಮಾನ್ಯ ತಪಾಸಣೆಗೆ ಮರಳಿಸುತ್ತಾರೆ. ಡಲ್ಲಾಸ್ ಮತ್ತು ಲಂಡನ್ನಿನಲ್ಲಿರುವ ಅಣ್ಣತಮ್ಮಂದಿರಿಗೆ ಒಂದೇ ಬಗೆಯ ಪಾಲಿಪ್‌ಗೆ ಬೇರೆ ಬೇರೆ ಸಲಹೆ ಬಂದರೆ ಇಬ್ಬರ ವೈದ್ಯರೂ ತಮ್ಮ ತಮ್ಮ ನಿಯಮ ಪಾಲಿಸಿದ್ದಾರೆ, ಅಷ್ಟೇ.

ಈ ವಿಚಾರದಲ್ಲಿ ಯುರೋಪಿನ ದಾರಿಯೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ತಜ್ಞರಿಗೆ ಇನ್ನಷ್ಟು ತರಬೇತಿ ಕೊಟ್ಟು ಕಣ್ಣನ್ನು ತಿದ್ದಲು ಯತ್ನಿಸುವುದು ಒಂದು ಬಗೆ. ಕಣ್ಣು ಎಡವುವುದು ಸಹಜವಾದ ಕಡೆ ರೋಗಿಯ ಚಿಕಿತ್ಸೆಯನ್ನು ಆ ಕಣ್ಣಿನ ಮೇಲೆ ನಿಲ್ಲಿಸದಿರುವುದು ಇನ್ನೊಂದು ಬಗೆ. ಡಿಸ್‌ಪ್ಲೇಸಿಯಾವನ್ನು ಮೊದಲಿದ್ದ ಮೂರು ಹಂತಗಳಿಂದ ಎರಡಕ್ಕೆ ಇಳಿಸಿದ್ದೂ ಇದೇ ಕಾರಣಕ್ಕೆ: ನಡುವಿನ ಹಂತ ಇದ್ದಷ್ಟೂ ಜಗಳದ ಗಡಿಗಳು ಎರಡು.

ತೊಟ್ಟಿನೊಳಗೆ ಸಿಕ್ಕಿಕೊಂಡ ಗ್ರಂಥಿಗಳು

ಎಲ್ಲವನ್ನೂ ಹೀಗೆ ಕೈಬಿಡಲು ಆಗುವುದಿಲ್ಲ. ‘ಆಕ್ರಮಣ ಇದೆಯೇ’ ಎಂಬ ಪ್ರಶ್ನೆಗೆ ಯಾರಾದರೂ ಉತ್ತರಿಸಲೇಬೇಕು.

ಎಡಭಾಗದ ಸಿಗ್ಮಾಯ್ಡ್ ಕರುಳಿನಲ್ಲಿ ಉದ್ದ ತೊಟ್ಟಿನ ದೊಡ್ಡ ಪಾಲಿಪ್‌ಗಳು ಬೆಳೆಯುತ್ತವೆ. ಗಟ್ಟಿಯಾದ ಮಲ ಅವನ್ನು ಎಳೆಯುತ್ತದೆ, ತೊಟ್ಟು ತಿರುಚಿಕೊಳ್ಳುತ್ತದೆ, ರಕ್ತನಾಳ ಒಡೆಯುತ್ತದೆ. ಈ ಎಳೆದಾಟದಲ್ಲಿ ಮೇಲಿನ ಅಡಿನೋಮಾ ಗ್ರಂಥಿಗಳು ಸ್ನಾಯು ಪದರದ ಸಂದಿಯಿಂದ ತೊಟ್ಟಿನೊಳಕ್ಕೆ ಜಾರಿ ಸಿಕ್ಕಿಕೊಳ್ಳುತ್ತವೆ. ಸ್ಲೈಡಿನಲ್ಲಿ ಇದು ಕ್ಯಾನ್ಸರ್ ಕೆಳಗಿಳಿದಂತೆಯೇ ಕಾಣುತ್ತದೆ. ಸೂಕ್ಷ್ಮವಾಗಿ ನೋಡಿದರೆ ಜಾರಿದ ಗ್ರಂಥಿಗಳ ಸುತ್ತ ಲೋಳೆಪೊರೆಯ ಮೆತ್ತನೆಯ ಅಂಗಾಂಶ ಜೊತೆಗೇ ಬಂದಿರುತ್ತದೆ, ಹಳೆಯ ರಕ್ತಸ್ರಾವದ ಕಬ್ಬಿಣದಂಶ ಕಂದು ಬಣ್ಣದ ಕಣಗಳಾಗಿ ಚೆಲ್ಲಿರುತ್ತದೆ. ನಿಜವಾದ ಕ್ಯಾನ್ಸರಿನ ಸುತ್ತ ಸಾಮಾನ್ಯವಾಗಿ ನಾರುನಾರಾದ ಗಡುಸು ಅಂಗಾಂಶ ಇರುತ್ತದೆ. ಹೇಳುವಾಗ ಸುಲಭ. ಹಲವು ಪಾಲಿಪ್‌ಗಳಲ್ಲಿ ಎರಡರ ಗುರುತೂ ಬೆರೆತಿರುತ್ತವೆ.

ಇಂಗ್ಲೆಂಡಿನಲ್ಲಿ 2006ರಲ್ಲಿ ತಪಾಸಣೆ ಆರಂಭವಾದ ಮೇಲೆ ಈ ಸಮಸ್ಯೆ ದೊಡ್ಡದಾಯಿತು. ಕಾರಣ ತಿಳಿಯುವುದು ಕಷ್ಟವಲ್ಲ. ಅಲ್ಲಿನ ತಪಾಸಣೆಯ ಮೊದಲ ಹೆಜ್ಜೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವುದು. ಸಿಗ್ಮಾಯ್ಡಿನ ತಿರುಚಿದ ಪಾಲಿಪ್‌ಗಳೇ ಹೆಚ್ಚಾಗಿ ರಕ್ತ ಸುರಿಸುವಂಥವು. ಅಂದರೆ ಪರೀಕ್ಷೆಯೇ ಅತ್ಯಂತ ಜಟಿಲವಾದ ಪಾಲಿಪ್‌ಗಳನ್ನು ಆರಿಸಿ ಪೆಥಾಲಜಿಸ್ಟ್‌ಗಳ ಮುಂದಿಡುತ್ತಿತ್ತು. ಆಗ ಅಲ್ಲಿನ ಕಾರ್ಯಕ್ರಮ ಅನುಭವಿ ಪೆಥಾಲಜಿಸ್ಟ್‌ಗಳ ತಜ್ಞ ಮಂಡಳಿಯೊಂದನ್ನು ರಚಿಸಿತು. ಸ್ಥಳೀಯ ವೈದ್ಯರಿಗೆ ಅನುಮಾನ ಬಂದರೆ ಸ್ಲೈಡ್ ಮಂಡಳಿಗೆ ಹೋಗುತ್ತದೆ, ತಜ್ಞರು ಬೇರೆ ಬೇರೆಯಾಗಿ ನೋಡುತ್ತಾರೆ. ಮೊದಲು ಕ್ಯಾನ್ಸರ್ ಎಂದು ಭಾವಿಸಿದ್ದ ಎಷ್ಟೋ ಪಾಲಿಪ್‌ಗಳು ಅಲ್ಲಿ ನಿರಪಾಯಕಾರಿ ಎಂದಾದವು. ಕರುಳಿನ ಭಾಗವನ್ನೇ ಕತ್ತರಿಸಿಕೊಳ್ಳಬೇಕಿದ್ದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಸುದ್ದಿ ಏನಿದ್ದೀತು? ಆದರೆ ಮಂಡಳಿಯ ತಜ್ಞರ ನಡುವೆಯೂ ಪ್ರತಿ ಪ್ರಕರಣದಲ್ಲಿ ಒಮ್ಮತ ಮೂಡಲಿಲ್ಲ.

ಆಕ್ರಮಣ ಖಚಿತವಾದ ಮೇಲೆ

ಕೋಶಗಳು ಸ್ನಾಯು ಪದರ ದಾಟಿ ಮುಂದಿನ ಪದರದಲ್ಲೇ ನಿಂತಿದ್ದರೆ ಅದನ್ನು ‘ಟಿ1’ ಕ್ಯಾನ್ಸರ್ ಎನ್ನುತ್ತಾರೆ. ಪಾಲಿಪ್ ತೆಗೆದದ್ದೇ ಸಾಕೋ, ಆ ಭಾಗದ ಕರುಳನ್ನೂ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೋ ಎಂಬುದು ಇಲ್ಲಿನ ಪ್ರಶ್ನೆ. ಟಿ1 ಇರುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ದುಗ್ಧಗ್ರಂಥಿಗೆ ಹರಡಿರುತ್ತದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡಿದರೆ ಒಂಬತ್ತು ಮಂದಿಗೆ ಅದು ವ್ಯರ್ಥ. ಯಾರಿಗೂ ಮಾಡದಿದ್ದರೆ ಒಬ್ಬರ ಜೀವಕ್ಕೆ ಕುತ್ತು.

ಆ ಒಬ್ಬರನ್ನು ಆರಿಸಲು ಪೆಥಾಲಜಿಸ್ಟ್ ಹಲವು ಗುರುತು ನೋಡುತ್ತಾರೆ: ಆಳ ಎಷ್ಟು, ಕೋಶಗಳು ಎಷ್ಟು ವಿಕಾರವಾಗಿವೆ, ಕತ್ತರಿಸಿದ ಅಂಚು ಶುದ್ಧವಾಗಿದೆಯೇ, ನಾಳಗಳೊಳಗೆ ಕೋಶ ನುಸುಳಿದೆಯೇ, ಗಡ್ಡೆಯ ಮುಂಚೂಣಿಯಿಂದ ಸಣ್ಣ ಸಣ್ಣ ಗುಂಪುಗಳು ಕಳಚಿ ಹೊರಟಿವೆಯೇ. ನಾಳದೊಳಗಿನ ನುಸುಳುವಿಕೆ ಕುಖ್ಯಾತವಾಗಿ ಕಷ್ಟದ್ದು, ಏಕೆಂದರೆ ಅಂಗಾಂಶ ಕುಗ್ಗಿ ಉಂಟಾದ ಬಿರುಕು ಕೂಡ ನಾಳದಂತೆ ಕಾಣುತ್ತದೆ. ನಾಳದ ಗೋಡೆಗೆ ಮಾತ್ರ ಅಂಟುವ ವಿಶೇಷ ಬಣ್ಣ ಹಾಕಿದರೆ ಅನುಮಾನ ಕಡಿಮೆಯಾಗುತ್ತದೆ, ಖರ್ಚು ಹೆಚ್ಚುತ್ತದೆ. ಕಳಚಿದ ಗುಂಪುಗಳ ವಿಷಯದಲ್ಲಿ 2016ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಮೂಡಿತು. ಅತಿ ಹೆಚ್ಚು ಗುಂಪುಗಳಿರುವ ಜಾಗ ಆರಿಸಿ, 0.785 ಚದರ ಮಿಲಿಮೀಟರಿನೊಳಗೆ ಎಣಿಸಬೇಕು. ನಾಲ್ಕರವರೆಗೆ ಕಡಿಮೆ, ಐದರಿಂದ ಒಂಬತ್ತು ಮಧ್ಯಮ, ಹತ್ತು ಅಥವಾ ಅದಕ್ಕಿಂತ ಮೇಲೆ ಹೆಚ್ಚು. ‘ಸಾಕಷ್ಟು ಇದೆ’ ಎನ್ನುವ ಬದಲು ಎಣಿಸಿ ಬರೆಯುವ ಇಂಥ ನಿಯಮಗಳಿಂದ ಒಮ್ಮತ ಸುಧಾರಿಸುತ್ತದೆ.

ಕಂಪ್ಯೂಟರ್ ಬಗೆಹರಿಸಬಲ್ಲದೇ?

ಸ್ಲೈಡನ್ನು ಸ್ಕ್ಯಾನ್ ಮಾಡಿ ಕೃತಕ ಬುದ್ಧಿಮತ್ತೆಗೆ ಒಪ್ಪಿಸಿದರೆ ಜಗಳವೇ ಇಲ್ಲ ಎಂಬ ಭರವಸೆ ಈಗ ಜೋರಾಗಿದೆ. ಯಂತ್ರ ದಣಿಯುವುದಿಲ್ಲ, ಒಂದೇ ಸ್ಲೈಡಿಗೆ ಸೋಮವಾರ ಒಂದು, ಶುಕ್ರವಾರ ಒಂದು ಉತ್ತರ ಕೊಡುವುದಿಲ್ಲ. ಎಣಿಸುವ, ಅಳೆಯುವ ಕೆಲಸಗಳಿಗೆ ಅದು ನಿಜಕ್ಕೂ ನೆರವು. ಆದರೆ ಯಂತ್ರಕ್ಕೆ ಪಾಠ ಹೇಳುವುದು ಪೆಥಾಲಜಿಸ್ಟ್‌ಗಳು ಹೆಸರಿಟ್ಟ ಸ್ಲೈಡ್‌ಗಳೇ. ಒಂದು ಪರಂಪರೆಯ ಸ್ಲೈಡ್‌ಗಳಿಂದ ಕಲಿತ ಯಂತ್ರ ಆ ಪರಂಪರೆಯ ಗೆರೆಯನ್ನೇ ತಪ್ಪದೆ ಎಳೆಯುತ್ತದೆ. ಗೆರೆ ಸರಿಯಾದ ಜಾಗದಲ್ಲಿದೆಯೇ ಎಂಬುದನ್ನು ತಿಳಿಯಲು ಆ ರೋಗಿಗಳಿಗೆ ಐದು, ಹತ್ತು ವರ್ಷಗಳ ನಂತರ ಏನಾಯಿತು ಎಂದು ನೋಡಬೇಕು. ಪಾಲಿಪ್ ತೆಗೆದುಬಿಟ್ಟಿರುವುದರಿಂದ, ಬಿಟ್ಟಿದ್ದರೆ ಅದು ಏನಾಗುತ್ತಿತ್ತು ಎಂಬುದು ಯಾವ ಯಂತ್ರಕ್ಕೂ ಸಿಗುವ ಮಾಹಿತಿಯಲ್ಲ.

ಕರ್ನಾಟಕದ ಓದುಗರಿಗೆ ಇದರಿಂದ ಏನು?

ನಮ್ಮಲ್ಲಿ ದೊಡ್ಡ ಕರುಳಿಗೆ ಸರ್ಕಾರಿ ಸಾಮೂಹಿಕ ತಪಾಸಣೆ ಇಲ್ಲ. ರಾಷ್ಟ್ರೀಯ ಕಾರ್ಯಕ್ರಮದ ಕ್ಯಾನ್ಸರ್ ತಪಾಸಣೆ ಇರುವುದು ಬಾಯಿ, ಸ್ತನ ಮತ್ತು ಗರ್ಭಕಂಠಕ್ಕೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಕಳೆದು ಬರುವವರೇ ಹೆಚ್ಚು. ಹಾಗೆ ಬಂದವರಲ್ಲಿ ಗಡ್ಡೆ ಬಲಿತಿದ್ದರೆ ವರದಿಯಲ್ಲಿ ಅನುಮಾನಕ್ಕೆ ಜಾಗ ಕಡಿಮೆ. ಅಭಿಪ್ರಾಯಭೇದದ ಪ್ರಶ್ನೆ ಏಳುವುದು ನಗರಗಳಲ್ಲಿ ಕೊಲೊನೊಸ್ಕೋಪಿಗೆ ಬೇಗ ಹೋಗುವವರಲ್ಲಿ, ಹಾಗೂ ವರ್ಷಗಟ್ಟಲೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ) ಇರುವವರಲ್ಲಿ. ಎರಡನೆಯವರಲ್ಲಿ ಉರಿಯೂತವೇ ಕೋಶಗಳನ್ನು ವಿಕಾರಗೊಳಿಸುವುದರಿಂದ, ಡಿಸ್‌ಪ್ಲೇಸಿಯಾ ಎಂಬ ನಿರ್ಣಯವನ್ನು ಜೀರ್ಣಾಂಗದಲ್ಲಿ ಪರಿಣತರಾದ ಇನ್ನೊಬ್ಬ ಪೆಥಾಲಜಿಸ್ಟ್ ದೃಢಪಡಿಸಬೇಕು ಎಂದು ಮಾರ್ಗಸೂಚಿಗಳೇ ಹೇಳುತ್ತವೆ. ಇಡೀ ದೊಡ್ಡ ಕರುಳನ್ನೇ ತೆಗೆಯುವ ತೀರ್ಮಾನ ಅದರ ಮೇಲೆ ನಿಂತಿರಬಹುದು.

ಹೆಸರಿನ ಬೆಲೆ ವಿಮೆಯಲ್ಲೂ ಗೊತ್ತಾಗುತ್ತದೆ. ಗಂಭೀರ ಕಾಯಿಲೆಗಳ ವಿಮೆಗೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ ಕೊಟ್ಟಿರುವ ಕ್ಯಾನ್ಸರ್ ವ್ಯಾಖ್ಯೆಯಿಂದ ‘ಇದ್ದಲ್ಲೇ ಇರುವ ಕ್ಯಾನ್ಸರ್’, ‘ಕ್ಯಾನ್ಸರ್ ಪೂರ್ವ’, ‘ಆಕ್ರಮಣಕಾರಿಯಲ್ಲದ’ ಗಡ್ಡೆಗಳು ಹೊರಗುಳಿದಿವೆ. ‘ಲೋಳೆಪೊರೆಯೊಳಗಿನ ಕ್ಯಾನ್ಸರ್’ ಎಂದು ಬರೆದ ವರದಿ ಹಿಡಿದು ಹಣ ಕೇಳಲು ಹೋದ ಕುಟುಂಬಕ್ಕೆ ಅದು ಸಿಗದೇ ಹೋಗಬಹುದು. ಆಗ ಅವರಿಗೆ ಮೋಸವಾಯಿತೆನಿಸುವುದು ಸಹಜ. ವಾಸ್ತವದಲ್ಲಿ ಅವರ ರೋಗಿಗೆ ಬಂದಿರುವುದು ಹರಡದ ಕಾಯಿಲೆ. ಇದನ್ನು ವರದಿ ಕೊಡುವ ದಿನವೇ ಯಾರಾದರೂ ಕೂರಿಸಿ ವಿವರಿಸಿದ್ದರೆ ಹೆದರಿಕೆಯೂ ತಪ್ಪುತ್ತಿತ್ತು, ಸುಳ್ಳು ನಿರೀಕ್ಷೆಯೂ ತಪ್ಪುತ್ತಿತ್ತು.

ವರದಿ ಕೈಗೆ ಬಂದಾಗ ‘ಕ್ಯಾನ್ಸರ್ ಹೌದೋ ಅಲ್ಲವೋ’ ಎಂದು ಮಾತ್ರ ಕೇಳಿದರೆ ಸಾಲದು. ತೆಳು ಸ್ನಾಯು ಪದರ ದಾಟಿದೆಯೇ, ಅಂಚು ಶುದ್ಧವಾಗಿದೆಯೇ, ಈ ನಿರ್ಣಯ ಬದಲಾದರೆ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳಬೇಕು. ಚಿಕಿತ್ಸೆ ಬದಲಾಗದಿದ್ದರೆ ಎರಡನೇ ಅಭಿಪ್ರಾಯಕ್ಕೆ ಅಲೆಯುವ ಅಗತ್ಯವಿಲ್ಲ. ಬದಲಾಗುವಂತಿದ್ದರೆ, ಅದರಲ್ಲೂ ಶಸ್ತ್ರಚಿಕಿತ್ಸೆಯ ಮಾತು ಬಂದಿದ್ದರೆ, ಮರುಪರಿಶೀಲನೆ ಮಾಡಿಸುವುದು ಮೊದಲ ವೈದ್ಯರಿಗೆ ಅವಮಾನವಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಂಥ ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲಿ ಹೊರಗಿನಿಂದ ಬಂದವರ ಸ್ಲೈಡ್‌ಗಳನ್ನು ಮತ್ತೆ ನೋಡುವುದು ವಾಡಿಕೆ.

ಹೋಗುವಾಗ ವರದಿಯ ಕಾಗದವಷ್ಟೇ ಸಾಲದು, ಸ್ಲೈಡ್‌ಗಳ ಜೊತೆಗೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಬೇಕು. ಬ್ಲಾಕ್ ಇದ್ದರೆ ಇನ್ನೂ ಆಳದ ಪದರ ಸೀಳಿ ನೋಡಬಹುದು, ಓರೆಯಾಗಿದ್ದರೆ ತಿರುಗಿಸಿ ಹುದುಗಿಸಬಹುದು, ವಿಶೇಷ ಬಣ್ಣ ಹಾಕಬಹುದು. ಒಂದು ಪ್ರಶ್ನೆಗೆ ಮಾತ್ರ ಬ್ಲಾಕಿನಲ್ಲೂ ಉತ್ತರ ಸಿಗದೇ ಹೋಗಬಹುದು. ದೊಡ್ಡ ಪಾಲಿಪನ್ನು ಚೂರು ಚೂರಾಗಿ ತೆಗೆದಿದ್ದರೆ ಯಾವ ಚೂರು ಅಂಚಿನದು ಎಂದು ಯಾವ ಪೆಥಾಲಜಿಸ್ಟ್ ಕೂಡ ಹೇಳಲಾರರು. ಅಂಥವರಿಗೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಅದೇ ಜಾಗವನ್ನು ಮತ್ತೊಮ್ಮೆ ಕೊಲೊನೊಸ್ಕೋಪಿಯಲ್ಲಿ ನೋಡುತ್ತಾರೆ. ಆ ದಿನಾಂಕವನ್ನು ತಪ್ಪಿಸಿಕೊಳ್ಳಬಾರದು.